ಸಾಲುಮರ, ಗುಂಡುತೋಪು ಮತ್ತು ಬಡಾವಣೆಗಳಲ್ಲಿ ನಾಡಮರಗಳ ವಿಚಾರ

ನಮ್ಮ ಸೀಮೆಯ ಹಳೆಯ ಗ್ರಾಮಗಳಲ್ಲಿ ಕೆರೆಯೊಂದು, ದೇವಸ್ಥಾನವೊಂದು, ಗುಂಡುತೋಪೊಂದು ಸಾಮಾನ್ಯವಾಗಿ ಇದ್ದೇ ಇರುತ್ತಿದ್ದುವು. ತೋಪಿನಲ್ಲಿ ಮಾವು, ಹಲಸು, ಹುಣಸೆ, ಹಿಪ್ಪೆ, ನೇರಳೆ, ಹೊಂಗೆ ಮುಂತಾದ ಮರಗಳನ್ನು ಬೆಳೆಸಿ ದಾರಿಹೋಕರಿಗೂ ದನಕರುಗಳಿಗೂ ನೆರಳನ್ನೂ, ಊರಿನವರಿಗೆ ಹಣ್ಣು, ಎಣ್ಣೆಯ ಬೀಜ, ಗೊಬ್ಬರದ ಸೊಪ್ಪುಗಳನ್ನೂ ಹಿರಿಯರು ಒದಗಿಸಿಕೊಟ್ಟಿದ್ದರು. ಈಗ ಅನೇಕ ಕಡೆಗಳಲ್ಲಿ ಈ ತೋಪುಗಳು ಕ್ಷೀಣಿಸಿರುತ್ತವೆ. ಕೆಲವು ಕಡೆ ಪಾಠಶಾಲೆಗೂ ನಿವೇಶನಗಳಿಗೂ ತೋಪಿನ ನೆಲವು ಹೋಗಿದೆ. ಕೆಲವು ಕಡೆ ಒತ್ತುವರಿಯಾಗಿದೆ. ಮತ್ತೆ ಕೆಲವು ಕಡೆ ಹಳೆಯ ಮರಗಳು ಮುಪ್ಪಾಗಿ ಬಿದ್ದ ಮೇಲೆ ಆ ಸ್ಥಳದಲ್ಲಿ ಹೊಸ ಸಸಿಗಳನ್ನು ನೆಡುವವರೇ ಇಲ್ಲ.

ಹಾಗೆಂದು ಮರ ನೆಡುವ ಕೆಲಸವು ನಿಂತುಹೋಗಿದೆಯೆಂದು ಹೇಳುವಂತಿಲ್ಲ. ಪಟ್ಟಣಗಳ ಸುತ್ತಲಿನ ಜಮೀನುಗಳು ದಿನೇ ದಿನೇ ಬಡಾವಣೆಗಳಾಗಿ ಮಾರ್ಪಡುತ್ತಿವೆ. ಅವುಗಳಲ್ಲಿ ಉದ್ಯಾನಕ್ಕೆಂದು ನೆಲ ಬಿಡಬೇಕು. ರಸ್ತೆಗಳ ಬದಿಯಲ್ಲಿ ಗಿಡ ನೆಡಬೇಕು. ಪಂಚಾಯತಿ ಕಚೇರಿ, ಆಸ್ಪತ್ರೆ, ಪಾಠಶಾಲೆಗಳ ಅಂಗಳಗಳಲ್ಲಿಯೂ ವರ್ಷಕ್ಕೊಮ್ಮೆ ಸಸಿ ನೆಡುವ ಸಮಾರಂಭವು ನಡೆಯುತ್ತದೆ. ಆದುದರಿಂದ ನಾವು ಎಷ್ಟು ಮರಗಳನ್ನು ನೆಡುತ್ತಿದ್ದೇವೆ ಎಂಬುದಕ್ಕಿಂತಲೂ ಯಾವ ಮರಗಳನ್ನು ನೆಡುತ್ತಿದ್ದೇವೆ ಎಂಬುದೇ ಈಗ ವಿಚಾರಮಾಡತಕ್ಕ ವಿಷಯವಾಗಿದೆ.

ಇದಕ್ಕೊಂದು ನಿದರ್ಶನವನ್ನು ಹೇಳಬಹುದು. ಕೋನೋಕಾರ್ಪಸ್ ಎಂಬ ಗಿಡವು ಸಮುದ್ರತೀರದ ಪರದೇಶಗಳಿಂದ ಬಂದದ್ದು. ಬೇಗನೆ ಬೆಳೆಯುವುದು, ವರ್ಷವಿಡೀ ಹಸಿರಾಗಿರುವುದು, ಕತ್ತರಿಸಿದ ಆಕಾರಕ್ಕೆ ಒಗ್ಗುವುದು, ದನಗಳು ಬಾಯಿ ಹಾಕದೆ ಇರುವುದು—ಈ ಗುಣಗಳನ್ನು ನೋಡಿ ಬಡಾವಣೆ ಕಟ್ಟುವವರು ಇದನ್ನು ಸಾಲುಸಾಲಾಗಿ ನೆಟ್ಟರು. ಕೆಲವು ವರ್ಷಗಳ ಮೇಲೆ ಇದರ ಬೇರುಗಳು ನೀರಿನ ಕೊಳವೆಗಳನ್ನೂ ಚರಂಡಿಗಳನ್ನೂ ಹುಡುಕಿಕೊಂಡು ಹೋಗುವುದೂ, ಹೂವಿನ ಪರಾಗದಿಂದ ನೆಗಡಿ ಉಬ್ಬಸಗಳು ಹೆಚ್ಚುತ್ತವೆಂಬ ದೂರುಗಳೂ ಕಂಡುಬಂದುವು. 2023ನೆಯ ಇಸವಿ ಸೆಪ್ಟೆಂಬರಿನಲ್ಲಿ ಗುಜರಾತಿನ ಅರಣ್ಯ ಇಲಾಖೆಯವರು ಅರಣ್ಯದ ಒಳಗಾಗಲಿ ಹೊರಗಾಗಲಿ ಇದನ್ನು ನೆಡಕೂಡದೆಂದು ಆಜ್ಞೆ ಮಾಡಿದರು. ನೆಡುವಾಗ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೀಳುವಾಗ ಕೇಳಬೇಕಾಯಿತು. ಅಮೆರಿಕದ ಒಹಾಯೋ ಸಂಸ್ಥಾನದಲ್ಲಿಯೂ ಬೀದಿಯ ಅಲಂಕಾರಕ್ಕೆಂದು ದಶಕಗಳ ಕಾಲ ನೆಟ್ಟಿದ್ದ ಒಂದು ಜಾತಿಯ ಚೀನಾ ಪೇರುಮರವು ಹೊಲ, ಬಯಲು, ಕಾಡುಗಳಿಗೆಲ್ಲ ಹಬ್ಬಿದ್ದರಿಂದ, ಅದರ ಮಾರಾಟವನ್ನೂ ನಾಟಿಯನ್ನೂ 2023ರ ಜನವರಿಯಿಂದ ಕಾನೂನಿನ ಮೂಲಕ ನಿಲ್ಲಿಸಿದ್ದಾರೆ.

ಪರದೇಶದ ಗಿಡಗಳಿಂದ ನಮ್ಮ ರಯಿತರು ಪಟ್ಟ ಪಾಡು ಹೊಸದಲ್ಲ. ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕುವುದಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬೆಳೆಸಿದ ಪಾಪಸುಕಳ್ಳಿಯು ದಕ್ಷಿಣ ದೇಶದ ಗೋಮಾಳಗಳನ್ನೂ ಹೊಲದ ಅಂಚುಗಳನ್ನೂ ಆಕ್ರಮಿಸಿತು. 1926ನೆಯ ಇಸವಿಯಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಹುಳುವನ್ನು ತರಿಸಿ ಬಿಟ್ಟ ಮೇಲೆಯೇ ಅದರ ಹಾವಳಿ ತಗ್ಗಿದ್ದು. ಸೌದೆಗೆಂದು 1877ರ ಸುಮಾರಿಗೆ ಮದರಾಸಿನ ಪ್ರಾಂತಕ್ಕೆ ಬಂದ ಬಳ್ಳಾರಿ ಜಾಲಿಯು ಇಂದಿಗೂ ಕೆರೆಯಂಗಳಗಳನ್ನು ಬಿಟ್ಟು ಹೋಗಿಲ್ಲ. ಹೂದೋಟದ ಬೇಲಿಗೆಂದು ಬಂದ ಲಂಟಾನವು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ಒಳಗನ್ನೆಲ್ಲ ತುಂಬಿಕೊಂಡು ಹುಲ್ಲಿಗೆ ಎಡೆಯಿಲ್ಲದಂತೆ ಮಾಡಿದೆ.

ನೀಲಗಿರಿ ಮರದ ವಿಷಯವು ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಕಾಲಕ್ಕೆ ನಂದಿದುರ್ಗದ ತೋಟಕ್ಕೆ ಬಂದ ಈ ಮರವು, ಎರಡು ನೂರು ವರ್ಷಗಳೊಳಗಾಗಿ ಕೋಲಾರ, ಬೆಂಗಳೂರು ಜಿಲ್ಲೆಗಳ ರಾಗಿಯ ಹೊಲಗಳನ್ನೂ ಆಕ್ರಮಿಸಿತು. ಕೂಲಿಯ ಖರ್ಚಿಲ್ಲ, ಕಾವಲಿಲ್ಲ, ಏಳೆಂಟು ವರ್ಷಕ್ಕೊಮ್ಮೆ ಕಡಿದು ಮಾರಬಹುದು. ಆದುದರಿಂದ ಪಟ್ಟಣದಲ್ಲಿ ವಾಸವಾಗಿರುವ ಜಮೀನುದಾರರಿಗೆ ಇದು ಬಹಳ ಅನುಕೂಲವಾಗಿ ತೋರಿತು. ಇದರ ನೀರಿನ ಸೇವನೆಯನ್ನು ನಮ್ಮ ರಾಜ್ಯದಲ್ಲಿಯೇ ಅಳತೆಮಾಡಿ ನೋಡಿ, ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಹೊಸಕೋಟೆಯ ಬಳಿಯ ಆಳವಾದ ಮಣ್ಣಿನಲ್ಲಿ, ಮೂರು ವರ್ಷಗಳ ಅವಧಿಯಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಎಳೆಯ ನೀಲಗಿರಿ ತೋಪು ಹೀರಿಕೊಂಡಿದ್ದಿತು. ಅಂದರೆ ಹಿಂದಿನ ವರ್ಷಗಳಲ್ಲಿ ಮಣ್ಣು ಆಳದಲ್ಲಿ ಕೂಡಿಟ್ಟಿದ್ದ ತೇವವನ್ನು ಬೇರುಗಳು ಖರ್ಚುಮಾಡಿದ್ದುವು. ನ್ಯಾಯವಾಗಿ ಹೇಳಬೇಕಾದರೆ, ಮಣ್ಣಿನ ಆಳ ಕಡಿಮೆಯಾಗಿದ್ದ ಕಡೆ ನೀಲಗಿರಿಗೂ ನಾಡಿನ ಕುರುಚಲು ಕಾಡಿಗೂ ನೀರಿನ ಸೇವನೆಯಲ್ಲಿ ಹೆಚ್ಚು ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಆಳವಾದ ಕೆಂಪು ಮಣ್ಣಿರುವ ಹೊಲವೇ ನಮ್ಮ ಅಂತರ್ಜಲದ ಬೊಕ್ಕಸವಷ್ಟೆ. 2017ರಲ್ಲಿ ಕರ್ನಾಟಕ ಸರ್ಕಾರದವರು ನೀಲಗಿರಿ ಮತ್ತು ಅಕೇಶಿಯಾಗಳನ್ನು ಹೊಸದಾಗಿ ಬೆಳೆಸಕೂಡದೆಂದು ಆಜ್ಞೆ ಹೊರಡಿಸಿದರು.

ನಾಡಮರವೆಂದರೆ ಯಾವುದು?

ಈ ಪ್ರಶ್ನೆಗೆ ಉತ್ತರವು ತೋರುವಷ್ಟು ಸುಲಭವಲ್ಲ. ಸಸ್ಯಶಾಸ್ತ್ರಜ್ಞರನ್ನು ಕೇಳಿದರೆ ಹುಣಸೆಯ ತವರು ಆಫ್ರಿಕಾ ಖಂಡವೆಂದು ಹೇಳುತ್ತಾರೆ. ಹೀಗಿದ್ದರೂ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆಯ ತೋಪನ್ನು, ಸುಮಾರು 54 ಎಕರೆ ವಿಸ್ತೀರ್ಣವುಳ್ಳದ್ದನ್ನು, 2007ರಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸರ್ಕಾರದವರು ಘೋಷಿಸಿದರು. ಇಡೀ ಭಾರತದೇಶದಲ್ಲಿ ಇಂತಹ ಮನ್ನಣೆ ಪಡೆದ ಮೊದಲನೆಯ ಸ್ಥಳವು ಅದೇ. ಎಷ್ಟೋ ಶತಮಾನಗಳಿಂದ ನಮ್ಮ ಅಡುಗೆ, ಔಷಧ, ಕೋತಿ, ಹಕ್ಕಿಗಳೊಡನೆ ಬಾಳಿಕೊಂಡು ಬಂದ ಹುಣಸೆಯು ಬೇರೆ ಗಿಡಗಳನ್ನು ಓಡಿಸಿ ನೆಲವನ್ನು ತಾನೇ ಆಕ್ರಮಿಸಲಿಲ್ಲ. ಅದನ್ನು ಪರದೇಶಿಯೆಂದು ದೂರವಿಡುವುದು ಅತಿಯಾದ ಮಡಿಯಾದೀತು. ಅದೇ ರೀತಿಯಲ್ಲಿ ಪೂಜೆಗೆ ಕೊಯ್ಯುವ ದೇವಕಣಗಿಲೆಯೂ, ಬದುವಿನ ಮೇಲಿನ ಕತ್ತಾಳೆಯೂ ಅಮೆರಿಕದಿಂದ ಬಂದುವೆಂದರೆ ಅನೇಕರು ನಂಬಲಾರರು.

ಆದುದರಿಂದ ಗ್ರಾಮದ ಕೆಲಸಕ್ಕೆ ಸಾಕಾಗುವಂತಹ ಒಂದು ಲಕ್ಷಣವನ್ನು ಇಟ್ಟುಕೊಳ್ಳಬಹುದು. ಹತ್ತಿರದ ಕಾಡು, ಹಳ್ಳದ ದಂಡೆ, ದೇವರಬನ, ಹಳೆಯ ತೋಪು—ಇವುಗಳಲ್ಲಿ ಯಾರೂ ನೀರೆರೆಯದೆ ಬೆಳೆದಿರುವ, ತನ್ನ ಹೂವು, ಹಣ್ಣು, ಎಲೆಗಳಿಂದ ಇಲ್ಲಿಯ ಜೇನು, ಹಕ್ಕಿ, ದನಗಳನ್ನು ಸಾಕುತ್ತಿರುವ, ಆದರೂ ಮೇರೆ ಮೀರಿ ಹಬ್ಬದಿರುವ ಮರವು ನಾಡಮರ. ಈ ಲಕ್ಷಣವು ಸೀಮೆಯಿಂದ ಸೀಮೆಗೆ ಬೇರೆ ಬೇರೆ ಮರಗಳನ್ನು ತೋರಿಸುತ್ತದೆ, ತೋರಿಸಲೂ ಬೇಕು. ಮಲೆನಾಡಿನ ರಂಜ, ನಾಗಸಂಪಿಗೆ, ಮುರುಗಲುಗಳು ಚಿತ್ರದುರ್ಗದ ಬಿಸಿಲಿಗೆ ನಿಲ್ಲಲಾರವು. ಬಯಲುಸೀಮೆಯ ಕಮರ, ಬೇವು, ಬನ್ನಿ, ಎಲಚಿಗಳನ್ನು ಆಗುಂಬೆಯ ಮಳೆಯಲ್ಲಿ ನೆಡುವುದೂ ವ್ಯರ್ಥವೇ.

ಬೆಂಗಳೂರು ಪಟ್ಟಣದ ಬೀದಿಗಳಲ್ಲಿ ಪರದೇಶದ ಹೂಮರಗಳು ಬಹಳ ಶೋಭಿಸುತ್ತವೆಯಲ್ಲಾ ಎಂದು ಕೆಲವರು ಕೇಳಬಹುದು. ಅದು ನಿಜ. 1908ರಿಂದ 1932ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ನಡೆಸಿದ ಕ್ರುಂಬೀಗಲ್ ಸಾಹೇಬರೂ, ಅವರ ಹಿಂದಿನವರೂ ಮುಂದಿನವರೂ, ಒಂದು ಜಾತಿಯ ಹೂವು ಮುಗಿಯುತ್ತಲೇ ಮತ್ತೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದರು. ಆದರೆ ಪಟ್ಟಣದಲ್ಲಿ ಸಸಿಗೆ ನೀರು ಹೊಯ್ಯುವುದಕ್ಕೂ, ಒಣಗಿದ ಕೊಂಬೆಯನ್ನು ಕಡಿಯುವುದಕ್ಕೂ, ಮಳೆಗಾಲದಲ್ಲಿ ಬಿದ್ದ ಗುಲ್‌ಮೊಹರನ್ನು ಎಳೆದು ಹಾಕುವುದಕ್ಕೂ ಸಂಬಳದ ಆಳುಗಳಿರುತ್ತಾರೆ. ಹಳ್ಳಿಯ ಮರವು ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಳ್ಳಬೇಕು. ಹೂವಿನ ಸೊಬಗೇ ಬೇಕಾದರೆ ನಮ್ಮ ಕಕ್ಕೆ, ಮುತ್ತುಗ, ಹೊಳೆದಾಸವಾಳ, ಸಂಪಿಗೆಗಳು ಯಾವ ಪರದೇಶದ ಮರಕ್ಕೂ ಕಡಿಮೆಯಿಲ್ಲ.

ನಿಯಮಗಳ ಸ್ಥಿತಿ

1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ರಸ್ತೆಯ ಬದಿಗಳಲ್ಲಿಯೂ ತನ್ನ ವಶದಲ್ಲಿರುವ ಸಾರ್ವಜನಿಕ ನೆಲದಲ್ಲಿಯೂ ಮರ ನೆಟ್ಟು ಕಾಪಾಡುವುದು ಗ್ರಾಮ ಪಂಚಾಯತಿಯ ಕಾರ್ಯಗಳಲ್ಲಿ ಸೇರಿರುತ್ತದೆ. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದ್ದು, ಊರಿನ ಗಿಡಮರ ಪ್ರಾಣಿಗಳ ದಾಖಲೆಯನ್ನು ಬರೆಯಿಸಿಡತಕ್ಕದ್ದು. ಈ ದಾಖಲೆಯು ಅನೇಕ ಊರುಗಳಲ್ಲಿ ಬೀರುವಿನಲ್ಲಿಯೇ ಉಳಿದಿರುತ್ತದೆ. ಅದನ್ನು ತೆಗೆದು ನೋಡಿದರೆ ತಮ್ಮ ಊರಿಗೆ ಯಾವ ಮರ ತಕ್ಕದ್ದೆಂಬ ಪಟ್ಟಿಯು ಮುಕ್ಕಾಲು ಪಾಲು ಸಿದ್ಧವಾಗಿಯೇ ಸಿಕ್ಕುವುದು.

1976ರ ವೃಕ್ಷ ಸಂರಕ್ಷಣಾ ಅಧಿನಿಯಮದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಈ ಕಾನೂನಿನ ಪ್ರಕಾರ ಮರ ಕಡಿಯುವುದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ರಯಿತನು ತಾನು ಬೆಳೆದದ್ದನ್ನು ತೊಂದರೆಯಿಲ್ಲದೆ ಮಾರಲೆಂಬ ಒಳ್ಳೆಯ ಉದ್ದೇಶದಿಂದಲೇ ಈ ವಿನಾಯಿತಿಯನ್ನು ಕೊಟ್ಟದ್ದು. ಫಲವು ಮಾತ್ರ ಬೇರೆಯಾಯಿತು. ಬದುವಿನ ಮೇಲೆ ಹೊನ್ನೆಯನ್ನೋ ಮತ್ತಿಯನ್ನೋ ಬೆಳೆಸಿದರೆ ಮೊಮ್ಮಗನ ಮನೆ ಕಟ್ಟುವ ಕಾಲಕ್ಕೆ ಕಚೇರಿಗೆ ಅಲೆಯಬೇಕಾಗುವುದು, ಸಿಲ್ವರ್ ಓಕಿಗೆ ಆ ತಾಪತ್ರಯವಿಲ್ಲ ಎಂದು ಜಮೀನುದಾರರು ಲೆಕ್ಕ ಹಾಕಿದರು. ತಾನಾಗಿ ಹುಟ್ಟಿದ ಹೊನ್ನೆಯ ಸಸಿಯನ್ನು ಎಳೆಯದಾಗಿರುವಾಗಲೇ ಕಿತ್ತು ಹಾಕುವವರೂ ಉಂಟು. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ನಾಡಮರವನ್ನು ಕಾಪಾಡಲೆಂದು ಹುಟ್ಟಿದ ನಿಯಮವೇ ಅದನ್ನು ನೆಡುವವನಿಗೆ ಅಂಜಿಕೆ ಹುಟ್ಟಿಸಿದರೆ, ತಿದ್ದಬೇಕಾದದ್ದು ನಿಯಮವೇ ಎಂಬುದು ಈ ಲೇಖಕನ ಅಭಿಪ್ರಾಯ. ವಿನಾಯಿತಿಯ ಪಟ್ಟಿಯು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತಿರುವುದರಿಂದ, ಹಳೆಯ ಭಯದಿಂದಲೇ ಸಸಿಯನ್ನು ಕೀಳದೆ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಈಗಿನ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಲೇಸು. ನೆಟ್ಟ ವರ್ಷ, ಸ್ಥಳ, ಸಂಖ್ಯೆಗಳನ್ನು ಪಹಣಿಯಲ್ಲಿ ನಮೂದಿಸಿಕೊಂಡಿದ್ದರೆ ಮುಂದೆ ಅನುಮತಿ ಕೇಳುವಾಗ ಅನುಕೂಲವಾಗುವುದು. ಬದುಕುಳಿದ ಸಸಿಗೆ ಮೂರು ವರ್ಷಗಳ ಕಾಲ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಅರಣ್ಯ ಇಲಾಖೆಯವರು 2011-12ರಲ್ಲಿ ಆರಂಭಿಸಿದರು. ಅದರ ವಿವರವನ್ನೂ ಅದೇ ಕಚೇರಿಯಲ್ಲಿ ಕೇಳಬಹುದು.

ಬಡಾವಣೆಯ ನಿಯಮಗಳಲ್ಲಿ ಉದ್ಯಾನಕ್ಕೆ ಎಷ್ಟು ನೆಲ ಬಿಡಬೇಕೆಂಬ ಮಾತೇ ಮುಖ್ಯವಾಗಿರುತ್ತದೆ. ಆ ನೆಲದಲ್ಲಿ ಏನು ಬೆಳೆಯಬೇಕೆಂಬುದನ್ನು ಹಸಿರು ಬಣ್ಣ ಬಳಿದ ನಕ್ಷೆಯು ಹೇಳುವುದಿಲ್ಲ. ಈ ಕೊರತೆಯನ್ನು ತುಂಬುವ ಅವಕಾಶವು ಗ್ರಾಮದ ಮುಖಂಡರಿಗೆ ಉಂಟು. ಗ್ರಾಮಸಭೆಯಲ್ಲಿ ಈ ಮುಂದಿನ ರೀತಿಯ ನಿರ್ಣಯವೊಂದನ್ನು ಮಾಡಿಕೊಳ್ಳಬಹುದೆಂದು ಸೂಚಿಸುತ್ತೇವೆ: “ಪಂಚಾಯತಿಯ ವಶದಲ್ಲಿರುವ ನೆಲದಲ್ಲಿಯೂ, ಪಂಚಾಯತಿಗೆ ಒಪ್ಪಿಸಿಕೊಡುವ ಉದ್ಯಾನ ಮತ್ತು ರಸ್ತೆಗಳಲ್ಲಿಯೂ ನೆಡುವ ಪ್ರತಿ ಹತ್ತು ಮರಗಳಲ್ಲಿ ಏಳಕ್ಕೆ ಕಡಿಮೆಯಿಲ್ಲದಂತೆ ಊರಿನ ಪಟ್ಟಿಯಲ್ಲಿರುವ ನಾಡಮರಗಳಿರತಕ್ಕದ್ದು, ಯಾವ ಒಂದು ಜಾತಿಯೂ ಹತ್ತರಲ್ಲಿ ಎರಡನ್ನು ಮೀರಕೂಡದು, ಕೋನೋಕಾರ್ಪಸ್, ನೀಲಗಿರಿ, ಅಕೇಶಿಯಾ, ಸುಬಾಬುಲ್‌ಗಳನ್ನು ನೆಡಕೂಡದು, ನೆಟ್ಟವರು ಮೂರು ಬೇಸಗೆಗಳ ಕಾಲ ನೀರನ್ನೂ ಬೇಲಿಯನ್ನೂ ಒದಗಿಸತಕ್ಕದ್ದು.” ಕಡೆಯ ಷರತ್ತನ್ನು ಬಿಟ್ಟರೆ ಉಳಿದವುಗಳಿಂದ ಏನೂ ಆಗದು. ಇದು ಊರಿನ ಒಪ್ಪಂದವೇ ಹೊರತು ದಂಡ ವಿಧಿಸುವ ಕಾನೂನಲ್ಲ; ಆದರೂ ಬಡಾವಣೆಯ ಉದ್ಯಾನವನ್ನು ಪಂಚಾಯತಿಗೆ ಒಪ್ಪಿಸಲು ಬಂದವರ ಮುಂದೆ ಇಂತಹ ಕಾಗದವೊಂದಿದ್ದರೆ ಮಾತಿಗೆ ತೂಕ ಬರುವುದು. ಅಮೆರಿಕ ಮತ್ತು ಕೆನಡಾ ದೇಶಗಳ ಕೆಲವು ಪಟ್ಟಣಗಳಲ್ಲಿ ಕಟ್ಟಡದ ಪರವಾನಗಿಯೊಡನೆಯೇ ಇಂತಹ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ.

ಸ್ಥಳಕ್ಕೆ ತಕ್ಕ ಮರ

ಅಗಲವಾದ ದಾರಿಯ ಬದಿಗೆ ಆಲ, ಗೋಣಿ, ಬಸರಿ, ಅರಳಿಗಳನ್ನು ಮೀರಿಸುವ ನೆರಳಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ, ಸುಮಾರು ನಾಲ್ಕು ಕಿಲೋಮೀಟರಿನ ಉದ್ದಕ್ಕೆ, 2025ರಲ್ಲಿ ದಿವಂಗತರಾದ ಸಾಲುಮರದ ತಿಮ್ಮಕ್ಕನವರೂ ಅವರ ಯಜಮಾನರಾದ ಚಿಕ್ಕಯ್ಯನವರೂ ಬೆಳೆಸಿದ 385 ಆಲದ ಮರಗಳನ್ನು ಓದುಗರು ಒಮ್ಮೆ ಹೋಗಿ ನೋಡಬೇಕು. ಅವರಿಗೆ ಯಾವ ಇಲಾಖೆಯ ಸಹಾಯವೂ ಇರಲಿಲ್ಲ. ಮಳೆಗಾಲದ ಮೊದಲಿನಲ್ಲಿ ನೆಡುವುದು, ಬಿಂದಿಗೆಯಲ್ಲಿ ನೀರು ಹೊತ್ತು ಹೊಯ್ಯುವುದು, ಮುಳ್ಳು ಕಟ್ಟುವುದು, ಮುಂದಿನ ವರ್ಷ ಮತ್ತಷ್ಟನ್ನು ಸೇರಿಸುವುದು—ಇಷ್ಟೇ ಅವರ ಕ್ರಮ. ಒಂದೇ ವರ್ಷ ಸಾವಿರ ಗುಳಿ ತೋಡಿ ಮರುವರ್ಷ ಖಾಲಿ ಗುಳಿಗಳನ್ನು ಎಣಿಸುವುದಕ್ಕಿಂತ ಈ ಕ್ರಮವು ಎಷ್ಟೋ ಉತ್ತಮ.

ಆದರೆ ಆಲದ ಜಾತಿಯ ಮರಗಳನ್ನು ಮನೆ, ಬಾವಿ, ಚರಂಡಿಗಳ ಹತ್ತಿರ ಎಂದಿಗೂ ನೆಡಕೂಡದು. ಮೂವತ್ತು ಅಡಿಯ ಬೀದಿಗೆ ಹೊಂಗೆ, ಕಕ್ಕೆ, ಹೊಳೆದಾಸವಾಳಗಳು ಸಾಕು. ವಿದ್ಯುತ್ತಿನ ತಂತಿಯ ಕೆಳಗೆ ನೆಲ್ಲಿ, ಪಾರಿಜಾತ, ಕರಿಬೇವುಗಳಂತಹ ಕುಳ್ಳ ಗಿಡಗಳೇ ಲೇಸು, ಇಲ್ಲದಿದ್ದರೆ ಲೈನಿನವರ ಕತ್ತಿಗೆ ಪ್ರತಿ ವರ್ಷವೂ ತಲೆಯೊಡ್ಡಬೇಕಾಗುವುದು. ಕೆರೆಯ ಅಂಚಿಗೆ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆಗಳು ಒಪ್ಪುತ್ತವೆ. ಕೆರೆಯ ಏರಿಯ ಮೇಲೆ ಮಾತ್ರ ದೊಡ್ಡ ಮರ ಬೇಡ. ಅದು ಸತ್ತಾಗ ಬೇರು ಕೊಳೆತು ನೀರಿಗೆ ದಾರಿಯಾಗುವುದು. ಬೇಲಿಗೆ ಲಕ್ಕಿಯನ್ನೂ ಬಂದರೆಯನ್ನೂ ಹಾಕಿದರೆ ದನಗಳು ಮೇಯುವುದಿಲ್ಲ, ಲಂಟಾನದಂತೆ ಹೊಲಕ್ಕೆ ನುಗ್ಗುವುದೂ ಇಲ್ಲ. ಗೋಮಾಳವನ್ನು ಮರಗಳಿಂದ ತುಂಬುವುದು ತಪ್ಪು. ಹುಲ್ಲುಗಾವಲೂ ನಾಡಿನ ಸಸ್ಯಸಂಪತ್ತೇ. ಅಲ್ಲಲ್ಲಿ ನೆರಳಿಗೆ ನಾಲ್ಕಾರು ಮರಗಳಿದ್ದರೆ ಸಾಕು.

ಹೊಲದ ಬದುವಿನ ಮೇಲೆ ಹುಣಸೆಯನ್ನು ಹಾಕಿದರೆ ಅದರ ಅಡಿಯಲ್ಲಿ ರಾಗಿ ಏಳುವುದಿಲ್ಲವೆಂಬುದು ರಯಿತರಿಗೆ ತಿಳಿದದ್ದೇ. ಹೊಂಗೆಯ ವಿಷಯ ಹಾಗಲ್ಲ. ದ್ವಿದಳ ಜಾತಿಯದಾದ್ದರಿಂದ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಸೊಪ್ಪು ಗದ್ದೆಗೆ ಗೊಬ್ಬರ, ಬೀಜ ಎಣ್ಣೆಗೆ, ಹಿಂಡಿ ಮತ್ತೆ ಗೊಬ್ಬರಕ್ಕೆ. ಬೇಸಗೆಯ ನಡುವೆ ಚಿಗುರಿ ಹೂಬಿಡುವುದರಿಂದ ಜೇನುಹುಳುಗಳಿಗೂ ದೊಡ್ಡ ಆಸರೆ.

ಸಸಿಗಳನ್ನು ಬೆಳೆಸುವ ಕ್ರಮ

ನಾಡಮರದ ಸಸಿಗಳು ಸಿಕ್ಕುವುದಿಲ್ಲವೆಂಬ ದೂರು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಸಸ್ಯಕ್ಷೇತ್ರದವರು ಗಿರಾಕಿಗಳು ಕೇಳಿದ್ದನ್ನೇ ಬೆಳೆಸುತ್ತಾರೆ. ಆದುದರಿಂದ ಊರಿನಲ್ಲಿಯೇ ಒಂದು ಸಣ್ಣ ಒಟ್ಲು ಪಾತಿ ಮಾಡಿಕೊಳ್ಳುವುದು ಮೇಲು. ಇದರಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಬೀಜದ ಆಯುಸ್ಸು. ಬೇವು, ಹಿಪ್ಪೆ, ನೇರಳೆ, ಹಲಸುಗಳ ಬೀಜವು ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಹಣ್ಣು ಬಿದ್ದ ಕೂಡಲೇ ಆರಿಸಿ, ತಿರುಳನ್ನು ತೊಳೆದು, ನೆರಳಿನಲ್ಲಿ ನೀರಾರಿಸಿ ವಾರದೊಳಗಾಗಿ ಬಿತ್ತಬೇಕು. ಹುಣಸೆ, ಕಕ್ಕೆಗಳ ಬೀಜವನ್ನಾದರೋ ಮುಂದಿನ ವರ್ಷದವರೆಗೂ ಇಡಬಹುದು. ಆದರೆ ಕಕ್ಕೆಯ ಬೀಜದ ಸಿಪ್ಪೆ ಬಲು ಗಟ್ಟಿ. ಅದನ್ನು ಒರಟು ಕಲ್ಲಿಗೆ ಉಜ್ಜಿ ಒಂದು ರಾತ್ರಿ ನೀರಿನಲ್ಲಿ ನೆನೆಯಿಸದಿದ್ದರೆ ತಿಂಗಳುಗಟ್ಟಲೆ ಮಲಗಿರುವುದು. ಹೊಂಗೆಯ ಕಾಯನ್ನು ಬೇಸಗೆಯಲ್ಲಿ ಆರಿಸಿ, ಒಡೆದು, ಒಂದು ಅಂಗುಲ ಆಳಕ್ಕೆ ಊರಿದರೆ ಮೂರು ವಾರದೊಳಗೆ ಮೊಳೆಯುವುದು.

ಆಲ, ಗೋಣಿ, ಬಸರಿಗಳಿಗೆ ಬೀಜದ ಗೋಜೇ ಬೇಡ. ಮುಂಗೈ ಗಾತ್ರದ, ಎಂಟು ಅಡಿ ಉದ್ದದ ನೆಟ್ಟಗಿನ ಕೊಂಬೆಯನ್ನು ಕಡಿದು, ಬುಡವನ್ನು ಓರೆಯಾಗಿ ಕತ್ತರಿಸಿ, ತುದಿಗೆ ಸಗಣಿ ಮೆತ್ತಿ, ಎರಡು ಅಡಿ ಆಳಕ್ಕೆ ಹುಗಿದು ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ರೋಹಿಣಿಯ ಕೊನೆಯಿಂದ ಆರ್ದ್ರಾ ಮಳೆಯವರೆಗೆ ಇದಕ್ಕೆ ಒಳ್ಳೆಯ ಕಾಲ. ಎತ್ತರದಲ್ಲಿ ಚಿಗುರುವುದರಿಂದ ಆಡುಗಳ ಕಾಟವೂ ಕಡಿಮೆ.

ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೂರು ವರ್ಷ ನಿಂತ ಎತ್ತರದ ಸಸಿಯನ್ನು ನೋಡಿ ಮೋಸ ಹೋಗಬಾರದು. ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದರೆ ಆ ಮರವು ಮುಂದೆ ಗಾಳಿಗೆ ಉರುಳುವುದು. ಒಂದು ವರ್ಷದ, ಎರಡು ಅಡಿಯ, ಬುಡ ದಪ್ಪನಾದ ಸಸಿಯೇ ಸಾಕು. ಎರಡು ಮೊಳ ಚೌಕದ ಗುಳಿಯನ್ನು ಕೃತ್ತಿಕಾ ಮಳೆಗೆ ಮುಂಚೆಯೇ ತೋಡಿಟ್ಟು ಬಿಸಿಲು ಕಾಯಿಸಿ, ಮೇಲುಮಣ್ಣು ಕೊಟ್ಟಿಗೆಗೊಬ್ಬರಗಳಿಂದ ತುಂಬಿ, ಎರಡು ಹದ ಮಳೆ ಬಿದ್ದ ಮೇಲೆ ನೆಡಬೇಕು. ಹೊಂಗೆ ಬೇವುಗಳಿಗೆ ಮರದಿಂದ ಮರಕ್ಕೆ ಇಪ್ಪತ್ತೈದು ಅಡಿಯೂ, ಆಲದ ಜಾತಿಗೆ ನಲವತ್ತು ಅಡಿಗೆ ಕಡಿಮೆಯಿಲ್ಲದಷ್ಟೂ ಅಂತರವಿರಲಿ. ಸತ್ತುಹೋದ ಸಸಿಗಳ ಸ್ಥಳವನ್ನು ಮರುವರ್ಷದ ಮೃಗಶಿರಾ ಮಳೆಯಲ್ಲಿ ತುಂಬಿಸಬೇಕು. ಮೂರನೆಯ ಬೇಸಗೆ ಕಳೆದ ಮೇಲೆ ಹೊಂಗೆ ಬೇವುಗಳಿಗೆ ನೀರು ಹೊಯ್ಯುವ ಅವಶ್ಯಕತೆಯಿರುವುದಿಲ್ಲ. ಮುಳ್ಳಿನ ಬೇಲಿಯನ್ನು ಮಾತ್ರ, ಕೊಂಬೆಗಳು ದನಗಳ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ಹೋಗುವವರೆಗೂ ತೆಗೆಯಕೂಡದು.